ಗುರೆಳ್ಳು ಪುಡಿಯೊಳಗಿನ ಕಡಲಪಾಚಿ

ಏಳನೇ ಇಯತ್ತೆಯ ನಡುವಿನಲ್ಲಿ ನಾನು ಶಾಲೆ ಬಿಟ್ಟೆ. ಬಡತನ, ಕಷ್ಟ ಅಂತೆಲ್ಲ ಹೇಳಿದರೆ ಕೇಳುವವರಿಗೆ ಇಷ್ಟವಾಗುತ್ತದೆ. ಆದರೆ ನಿಜವೇನೆಂದರೆ, ನನಗೆ ಕೂತು ಕೂತು ಬೇಸರ ಬಂದಿತ್ತು, ಮಾಸ್ತರರಿಗೆ ನನ್ನನ್ನು ನಿಲ್ಲಿಸಿ ನಿಲ್ಲಿಸಿ ಬೇಸರ ಬಂದಿತ್ತು. ಇಬ್ಬರೂ ಸಂತೋಷದಿಂದಲೇ ಬೇರೆಯಾದೆವು. ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಒಂದು ಫ್ರಿಜ್ ರಿಪೇರಿ ಅಂಗಡಿ ಸೇರಿದೆ. ಅಲ್ಲಿ ಕಲಿತದ್ದರ ಮೇಲೆಯೇ ಸಿಂಗಾಪುರದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅನ್ನ ತಿಂದಿದ್ದೇನೆ, ಪುಂಗೋಲ್‌ನಲ್ಲಿ ಮನೆ ಮಾಡಿದ್ದೇನೆ. ಯಾರ ಸರ್ಟಿಫಿಕೇಟಿನ ಹಂಗೂ ನನಗಿಲ್ಲ. ಇದನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ನನ್ನ ಕೆಲಸ ಸಂಶೋಧನಾ ಲ್ಯಾಬುಗಳ ಫ್ರೀಜರು ನೋಡಿಕೊಳ್ಳುವುದು. ಮನೆಯ ಫ್ರೀಜರಲ್ಲ, ಮೈನಸ್ ಎಂಬತ್ತು ಡಿಗ್ರಿಯವು. ಒಳಗೆ ಏನಿದೆಯೆಂದು ನನಗೆ ತಿಳಿಯುವುದಿಲ್ಲ. ಹೊರಗಿನ ಮೋಟಾರು ಏನು ಗೊಣಗುತ್ತಿದೆಯೆಂದು ಒಳಗೆ ಇಟ್ಟವರಿಗೆ ತಿಳಿಯುವುದಿಲ್ಲ. ಅವರು ಡಾಕ್ಟರೇಟುಗಳನ್ನು ಸಾಲಾಗಿ ಇಟ್ಟುಕೊಂಡು ಫ್ರೀಜರು ಕಿರುಚಿದ ಕೂಡಲೇ ನನಗೆ ಫೋನ್ ಮಾಡುತ್ತಾರೆ. ಆ ಫೋನು ಬಂದಾಗ ನನಗಾಗುವ ಸುಖ ಯಾವ ಪದವಿ ಪ್ರದಾನದಲ್ಲೂ ಇರಲಾರದು.

ಇಲ್ಲಿನ ಕನ್ನಡದವರು ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಯಾರದಾದರೂ ಕಾಂಡೋ ಫ್ಲ್ಯಾಟಿನಲ್ಲಿ ಸೇರಿದಾಗ ಕೇಳುವ ಮೊದಲ ಪ್ರಶ್ನೆ, ‘ಎಲ್ಲಿ ಕೆಲಸ?’ ಒಬ್ಬರು ಚಾಂಗಿ ಬಿಸಿನೆಸ್ ಪಾರ್ಕಿನ ಬ್ಯಾಂಕು, ಇನ್ನೊಬ್ಬರು ಯೂನಿವರ್ಸಿಟಿ. ಸರದಿ ನನ್ನ ಹತ್ತಿರ ಬಂದಾಗ ನಾನು, ‘ಕ್ಯಾನ್ಸರ್ ರಿಸರ್ಚ್‌ನಲ್ಲಿದೀನಿ’ ಅನ್ನುತ್ತಿದ್ದೆ. ಸುಳ್ಳೇನಲ್ಲ. ಫ್ರೀಜರು ಕೆಟ್ಟರೆ ರಿಸರ್ಚೂ ಕೆಡುತ್ತದೆ. ಹಾಗೆ ಹೇಳಿದಾಗಲೆಲ್ಲ ಪಕ್ಕದಲ್ಲಿ ಕೂತ ನನ್ನ ಹೆಂಡತಿ ತನ್ನ ತಟ್ಟೆಯಲ್ಲಿ ಕೋಸಂಬರಿಯ ಬೇಳೆ ಎಣಿಸುತ್ತಿದ್ದಳು. ಅವಳು ಧಾರವಾಡದಲ್ಲಿ ಬಿ.ಎ. ಮಾಡಿದವಳು, ಇಲ್ಲಿ ಮಕ್ಕಳ ಕೇಂದ್ರವೊಂದರಲ್ಲಿ ಕಲಿಸುತ್ತಾಳೆ. ನನ್ನ ಮಾತಿಗೆ ನಗಬೇಕೋ ತಲೆ ತಗ್ಗಿಸಬೇಕೋ ಎಂದು ಅವಳು ಈವರೆಗೂ ತೀರ್ಮಾನಿಸಿಲ್ಲ.

ನಾನು ಹೋಗುವ ಲ್ಯಾಬುಗಳಲ್ಲಿ ಒಂದನ್ನು ನಡೆಸುವವರು ಮೈಸೂರಿನ ಕಡೆಯ ಒಬ್ಬ ಮೇಡಂ. ಅವರದು ಕಡಲಪಾಚಿಯ ಕೆಲಸ. ಸಮುದ್ರದಲ್ಲಿ ಬಂಡೆಗೆ ಅಂಟಿಕೊಂಡು ಬೆಳೆಯುವ ಕಂದು ಪಾಚಿಯನ್ನು ಒಣಗಿಸಿ, ಪುಡಿ ಮಾಡಿ, ಅದರಿಂದ ಒಂದೊಂದೇ ಅಂಶವನ್ನು ಹಿಂಡಿ ತೆಗೆದು, ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡುವುದು. ಆ ಪಾಚಿಯ ಲೋಳೆಯಲ್ಲಿ ಒಂದು ಬಗೆಯ ಸಕ್ಕರೆಯಿದೆ, ಅದಕ್ಕೆ ಫ್ಯೂಕಾಯ್ಡನ್ ಅನ್ನುತ್ತಾರೆ. ಈ ಹೆಸರನ್ನು ನಾನು ತಪ್ಪಿಲ್ಲದೆ ಹೇಳಲು ಕಲಿತದ್ದು ಒಂದೇ ದಿನದಲ್ಲಿ. ಅದನ್ನು ಬಳಸಿದ್ದು ಮಾತ್ರ ಅಳತೆ ಮೀರಿ.

ಒಂದು ದಿನ ಅವರ ಪುಡಿ ಮಾಡುವ ಯಂತ್ರ ಸುಟ್ಟುಹೋಯಿತು. ಜರ್ಮನಿಯದು, ಬಲು ಗತ್ತಿನದು. ಅದರೊಳಗೆ ಪಾಚಿ ಅಂಟಿನಂತೆ ಕೂತಿತ್ತು. ನಾನು ನೋಡಿದ ಕೂಡಲೇ ಹೇಳಿದೆ: ಪಾಚಿ ಒಣಗಿಲ್ಲ, ಗಾಳಿಯ ತೇವ ಎಳೆದುಕೊಂಡಿದೆ. ಮೇಲಾಗಿ ಯಂತ್ರ ಬಿಸಿಯಾಗಿ ಲೋಳೆ ಬಿಟ್ಟಿದೆ. ಲಿಟಲ್ ಇಂಡಿಯಾದಿಂದ ಒಂದು ಹೊಸ ಮಿಕ್ಸಿ ತರಿಸಿ. ಜಾರನ್ನು ಮೊದಲು ಫ್ರೀಜರಿನಲ್ಲಿ ಇಡಿ. ಪಾಚಿಯನ್ನು ಮತ್ತೊಮ್ಮೆ ಒಣಗಿಸಿ, ಬಿಟ್ಟು ಬಿಟ್ಟು ತಿರುಗಿಸಿ. ಒಣಕೊಬ್ಬರಿ ಪುಡಿ ಮಾಡಿದ ಯಾವ ಹೆಂಗಸಿಗಾದರೂ ಗೊತ್ತಿರುವ ಸಂಗತಿ ಇದು. ಮೇಡಂ ಒಪ್ಪಿದರು. ಪುಡಿ ಗೋಪಿಚಂದನದ ಹಾಗೆ ನುಣ್ಣಗೆ ಬಂತು. ಅಂದಿನಿಂದ ಲ್ಯಾಬಿನವರು ಪಾಚಿ ಪುಡಿ ಮಾಡುವ ದಿನ ‘ಅಂಕಲ್ ಬರಲಿ’ ಎಂದು ಕಾಯುತ್ತಿದ್ದರು.

ಕೆಲವು ತಿಂಗಳ ಮೇಲೆ ಮೇಡಂ ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ಇಣುಕಲು ಹೇಳಿದರು. ಒಂದು ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ, ಬಸ್‌ಸ್ಟ್ಯಾಂಡಿನ ಜನರ ಹಾಗೆ ಇದ್ದವು. ಇನ್ನೊಂದರಲ್ಲಿ ಮುದುಡಿ, ಉದುರಿ, ಅಲ್ಲೊಂದು ಇಲ್ಲೊಂದು. ಎರಡನೆಯದಕ್ಕೆ ನನ್ನ ಮಿಕ್ಸಿಯ ಪುಡಿಯಿಂದ ತೆಗೆದ ಅಂಶ ಹಾಕಿದ್ದರು. ನನ್ನ ಎದೆ ಎರಡು ಇಂಚು ಅಗಲವಾಯಿತು. ಹಾಗಾದರೆ ಔಷಧ ಸಿಕ್ಕಿತಲ್ಲ ಮೇಡಂ ಅಂದೆ. ಅವರು ನಕ್ಕರು.

‘ತಟ್ಟೆಲಿ ಸಾಯ್ಸೋದು ದೊಡ್ಡ ವಿಷಯ ಅಲ್ಲ ರೀ. ಒಂದು ಹಿಡಿ ಉಪ್ಪು ಸುರಿದ್ರೂ ಸಾಯ್ತವೆ. ಪಕ್ಕದಲ್ಲಿರೋ ಒಳ್ಳೆ ಕೋಶ ಬದುಕ್ಬೇಕು, ಅದು ಕಷ್ಟ. ಆಮೇಲೆ ಇಲಿ, ಆಮೇಲೆ ಮನುಷ್ಯರು. ನಾನು ರಿಟೈರ್ ಆಗೋದ್ರೊಳಗೆ ಇಲಿ ದಾಟಿದ್ರೆ ಪುಣ್ಯ.’

ನಾನು ತಟ್ಟೆಯವರೆಗೆ ಕೇಳಿಸಿಕೊಂಡೆ. ಇಲಿಯ ಹೊತ್ತಿಗೆ ನನ್ನ ಮನಸ್ಸು ಆಗಲೇ ಊರಿಗೆ ಹೋಗಿ ಸನ್ಮಾನ ಮಾಡಿಸಿಕೊಳ್ಳುತ್ತಿತ್ತು.

ಅದಾದ ವರ್ಷವೇ ನನ್ನ ಹೆಂಡತಿಯ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಥೈರಾಯ್ಡ್ ಕ್ಯಾನ್ಸರ್ ಅಂದರು. ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದರು. ಒಳ್ಳೆಯ ಜಾತಿಯ ಕ್ಯಾನ್ಸರು, ಚೆನ್ನಾಗಿ ಗುಣವಾಗುತ್ತದೆ ಎಂದು ಡಾಕ್ಟರು ಹೇಳಿದರು. ಕ್ಯಾನ್ಸರಿನಲ್ಲೂ ಒಳ್ಳೆಯ ಜಾತಿ ಇರುತ್ತದೆಂದು ಕೇಳಿ ನನ್ನ ಹೆಂಡತಿ, ‘ಹಂಗಾರ ವರ ನೋಡ್ರಿ ಅದಕ್ಕ’ ಅಂದಿದ್ದಳು.

ಅಳಿದುಳಿದ ಕೋಶಗಳಿಗೆ ವಿಕಿರಣದ ಅಯೋಡಿನ್ ಮಾತ್ರೆ ಕೊಡುವುದು ಮುಂದಿನ ಹಂತ. ಅದನ್ನು ಡಾಕ್ಟರು ನನಗೂ ಅರ್ಥವಾಗುವ ಹಾಗೆ ವಿವರಿಸಿದ್ದರು. ಡಾಕ್ಟರು ಚೀನೀ ಹೆಣ್ಣುಮಗಳು, ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬೇಕು ಅಷ್ಟೆ. ಥೈರಾಯ್ಡಿನ ಕೋಶಕ್ಕೆ ಅಯೋಡಿನ್ ಅಂದರೆ ಪ್ರಾಣ. ಎರಡು ವಾರ ಊಟದಲ್ಲಿ ಅಯೋಡಿನ್ ಸಿಗದಂತೆ ಉಪವಾಸ ಕೆಡವಬೇಕು. ಹಸಿದು ಬಾಯಿ ತೆರೆದು ಕೂತಾಗ ವಿಷದ ಅಯೋಡಿನ್ ಬಡಿಸಬೇಕು. ಅದು ಗಬಗಬ ತಿಂದು ಸಾಯುತ್ತದೆ. ಹೊಟ್ಟೆ ತುಂಬಿದ್ದರೆ ತಿನ್ನುವುದಿಲ್ಲ. ಇದರ ಜೊತೆಗೆ, ತೆಗೆದ ಗ್ರಂಥಿಯ ಬದಲಿಗೆಂದು ದಿನವೂ ನುಂಗುವ ಥೈರಾಯ್ಡ್ ಮಾತ್ರೆಯನ್ನೂ ಕೆಲವು ವಾರ ಮೊದಲೇ ನಿಲ್ಲಿಸಬೇಕು.

ಊಟದ ಪಟ್ಟಿಯನ್ನು ಕೊಟ್ಟದ್ದು ಒಬ್ಬ ನರ್ಸ್. ಎರಡು ಹಾಳೆ, ಇಂಗ್ಲಿಷಿನಲ್ಲಿ. ಅಯೋಡಿನ್ ಸೇರಿಸಿದ ಉಪ್ಪು ಬೇಡ, ಹಾಲು ಬೇಡ, ಮೊಸರು ಬೇಡ, ಬೆಣ್ಣೆ ಬೇಡ ಎಂದು ಬೆರಳಿಟ್ಟು ಓದುತ್ತಾ ಬಂದಳು. ಎರಡನೆಯ ಹಾಳೆಯಲ್ಲಿ ಒಂದು ಚೌಕದ ಮೇಲೆ ಮೀನಿನ ಚಿತ್ರವಿತ್ತು, ತಲೆಬರಹ ಸಮುದ್ರದ ಆಹಾರವೆಂದು. ನಾನು ಅವಳನ್ನು ಅಲ್ಲೇ ತಡೆದೆ. ಸಿಸ್ಟರ್, ನಮ್ಮದು ಲಿಂಗ ಕಟ್ಟಿಕೊಂಡ ಮನೆ, ಮೀನು ಹೋಗಲಿ ಮೊಟ್ಟೆ ಕೂಡ ಹೊಸ್ತಿಲು ದಾಟಿಲ್ಲ, ಇದನ್ನು ಓದಿ ಬಾಯಿ ನೋಯಿಸಿಕೊಳ್ಳಬೇಡಿ ಎಂಬ ಅರ್ಥದ ಇಂಗ್ಲಿಷು ಆಡಿದೆ. ಜೇಬಿನಿಂದ ಪೆನ್ನು ತೆಗೆದು ಆ ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಗೀಟು ಎಳೆದೆ. ನರ್ಸಿಗೂ ನಗು ಬಂತು. ನನ್ನ ಹೆಂಡತಿಯೂ ಅದು ನಮಗಲ್ಲವೆಂದು ತಲೆಯಾಡಿಸಿದಳು. ಜೀವನದಲ್ಲಿ ನಾನು ಅಷ್ಟು ನೇರವಾದ ಗೀಟು ಎಳೆದದ್ದೇ ಇಲ್ಲ.

ಥೈರಾಯ್ಡ್ ಮಾತ್ರೆ ನಿಲ್ಲಿಸಿದ ಮೂರನೆಯ ವಾರಕ್ಕೆ ನನ್ನ ಹೆಂಡತಿ ಬೇರೆಯೇ ಆಗಿಹೋದಳು. ಸಿಂಗಾಪುರದ ಸೆಕೆಯಲ್ಲಿ ಸ್ವೆಟರು, ಕಾಲುಚೀಲ. ಮುಖ ಊದಿಕೊಂಡಿತ್ತು. ಒಂದು ವಾಕ್ಯ ಶುರು ಮಾಡಿದರೆ ಮುಗಿಯುವುದರೊಳಗೆ ನಾನು ಅಂಗಿ ಇಸ್ತ್ರಿ ಮಾಡಿ ಮುಗಿಸುತ್ತಿದ್ದೆ. ಅದರ ಮೇಲೆ ಈ ಪಥ್ಯ. ನಮ್ಮ ಕಡೆಯವರಿಗೆ ಮೊಸರಿಲ್ಲದ ಊಟ ಅಂದರೆ ಅರ್ಧಕ್ಕೇ ಎಬ್ಬಿಸಿದ ಹಾಗೆ. ಹಾಲಿಲ್ಲದ ಚಹಾವನ್ನು ಅವಳು ಒಂದು ದಿನ ಕುಡಿದಳು, ಮರುದಿನ ಲೋಟ ನೋಡಿ ಅತ್ತಳು. ಅವಳು ಅಳುವುದನ್ನು ನಾನು ಆಪರೇಷನ್ನಿನ ದಿನವೂ ನೋಡಿರಲಿಲ್ಲ.

ಅಡುಗೆ ನಾನು ವಹಿಸಿಕೊಂಡೆ. ರೊಟ್ಟಿ ಬಡಿಯಲು ಬರುತ್ತದೆ ನನಗೆ, ಹುಬ್ಬಳ್ಳಿಯ ರೂಮಿನಲ್ಲಿ ಕಲಿತದ್ದು. ರೊಟ್ಟಿ, ಬೇಳೆ, ಅಯೋಡಿನ್ ಇಲ್ಲದ ಉಪ್ಪು. ಉಪ್ಪಿನ ಪ್ಯಾಕೆಟ್ಟಿನ ಹಿಂಭಾಗವನ್ನು ಅವಳೇ ಎರಡು ಸಲ ಓದಿ ಒಪ್ಪಿದ ಮೇಲೆ ಕೊಂಡದ್ದು. ಆದರೂ ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು.

ಆಗ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಒಂದು ವಿಡಿಯೋ ಹಾಕಿದ್ದರು, ಕಡಲಪಾಚಿ ತಿಂದರೆ ಕ್ಯಾನ್ಸರು ಮಾಯವೆಂದು. ಬೇರೆಯವರಿಗೆ ಅದು ವಿಡಿಯೋ. ನಾನು ಕಣ್ಣಾರೆ ನೋಡಿದವನು. ಕೋಶಗಳು ಸತ್ತದ್ದು ನನ್ನ ಮಿಕ್ಸಿಯ ಪುಡಿಯಿಂದ. ಇಂಥ ವಸ್ತು ಕೈಯಳತೆಯಲ್ಲಿದ್ದು ಮನೆಯಲ್ಲಿ ಹೆಂಡತಿ ಸಪ್ಪೆ ಬೇಳೆ ಉಣ್ಣುವುದೆಂದರೇನು? ಮೇಡಮ್ಮನ್ನು ಕೇಳಬಹುದಿತ್ತು. ಕೇಳಿದರೆ ಮತ್ತೆ ಇಲಿಯಿಂದ ಶುರು ಮಾಡುತ್ತಾರೆ. ನನಗೆ ಅಷ್ಟು ಪುರುಸೊತ್ತಿರಲಿಲ್ಲ.

ಲ್ಯಾಬಿನ ಪುಡಿಯನ್ನು ಮುಟ್ಟುವವನಲ್ಲ ನಾನು, ಅದು ಕಳ್ಳತನ. ಟೋವಾ ಪಾಯೋ ಬಡಾವಣೆಯಲ್ಲಿ ಒಂದು ಫ್ರೀಜರು ನೋಡಿ ಬರುವಾಗ ಮಾರ್ಕೆಟ್ಟಿನ ಒಣಸಾಮಾನಿನ ಅಂಗಡಿಗೆ ಹೋದೆ. ಚೀನೀಯರು ಸೂಪಿಗೆ ಹಾಕುವ ಕಪ್ಪು ಪಾಚಿ, ಚರ್ಮದ ಬೆಲ್ಟಿನ ಹಾಗೆ ಸುತ್ತಿಟ್ಟಿರುತ್ತಾರೆ. ಅಂಗಡಿಯ ಮುದುಕನಿಗೆ ನನ್ನ ಹೆಂಡತಿಗೆ ಕುತ್ತಿಗೆಯಲ್ಲಿ ಕಾಯಿಲೆಯೆಂದು ಸನ್ನೆ ಮಾಡಿದೆ. ಅವನು ತನ್ನ ಕುತ್ತಿಗೆ ಸವರಿಕೊಂಡು, ಇದು ಕುತ್ತಿಗೆಯ ಗಂಟಿಗೆ ಭಾಳ ಒಳ್ಳೆಯದು, ನಮ್ಮ ಅಜ್ಜಿಯ ಕಾಲದಿಂದಲೂ ಕೊಡುತ್ತೇವೆ ಅಂದ. ನನಗೆ ಇನ್ನೇನು ಬೇಕು? ಹೊಸ ವಿಜ್ಞಾನವೂ ಹಳೇ ಅಜ್ಜಿಯೂ ಒಂದೇ ಮಾತು ಹೇಳುತ್ತಿದ್ದಾರೆ.

ಒಂದೇ ತೊಂದರೆ ನನ್ನ ಹೆಂಡತಿ. ನಾನು ಲ್ಯಾಬಿನಲ್ಲಿ ಪಾಚಿ ಪುಡಿ ಮಾಡಿ ಬಂದ ದಿನ ಅವಳು ನನ್ನ ಅಂಗಿಯನ್ನು ಬಾಗಿಲ ಹೊರಗೇ ಬಿಚ್ಚಿಸುತ್ತಿದ್ದಳು. ಮೀನಿನ ವಾಸನೆ ಅನ್ನುವಳು. ಅದು ಗಿಡ ಮಾರಾಯ್ತಿ, ಅದಕ್ಕೆ ಕಣ್ಣಿಲ್ಲ, ರಕ್ತವಿಲ್ಲ ಎಂದು ಎಷ್ಟು ವಾದಿಸಿದರೂ ಕೇಳುತ್ತಿರಲಿಲ್ಲ. ಮೀನಿನ ನಡುವೆ ಬೆಳೆದದ್ದು ಮೀನೇ ಎಂಬುದು ಅವಳ ಸಿದ್ಧಾಂತ. ಆದ್ದರಿಂದ ಹೇಳಬಾರದೆಂದು ತೀರ್ಮಾನಿಸಿದೆ.

ಗುರೆಳ್ಳು ಪುಡಿಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಗುರೆಳ್ಳು ಸಣ್ಣ ಕಪ್ಪು ಕಾಳು. ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಹಾಕಿ ಕುಟ್ಟಿದರೆ ಜೋಳದ ರೊಟ್ಟಿಗೆ ಅದರಂಥ ಜೊತೆ ಇನ್ನೊಂದಿಲ್ಲ. ನೋಡಲು ಮಾತ್ರ ಬಚ್ಚಲ ಮಸಿ. ನನ್ನ ಮಗಳು ಇಲ್ಲೇ ಹುಟ್ಟಿ ಪಾಲಿಟೆಕ್ನಿಕ್‌ನಲ್ಲಿ ಓದುತ್ತಿರುವವಳು, ‘ಮಣ್ಣು ಲಾ, ಅಪ್ಪಾ’ ಎಂದು ಇಲ್ಲಿಯವರ ಧಾಟಿಯಲ್ಲಿ ಹೇಳಿ ದೂರ ಸರಿಯುತ್ತಾಳೆ. ಅಂಥ ಕಪ್ಪಿನೊಳಗೆ ಇನ್ನೊಂದು ಕಪ್ಪು ಸೇರಿದರೆ ಯಾರಿಗೆ ತಿಳಿಯಬೇಕು? ಪಾಚಿಯನ್ನು ಹಂಚಿನ ಮೇಲೆ ಗರಿಗರಿಯಾಗಿ ಹುರಿದೆ, ಜಾರನ್ನು ಫ್ರೀಜರಿನಲ್ಲಿಟ್ಟು ತಣಿಸಿದೆ, ಬಿಟ್ಟು ಬಿಟ್ಟು ತಿರುಗಿಸಿದೆ. ಮೂರು ಪಾಲು ಗುರೆಳ್ಳಿಗೆ ಒಂದು ಪಾಲು ಪಾಚಿ. ವಾಸನೆಗೆ ಬೆಳ್ಳುಳ್ಳಿ ಎರಡರಷ್ಟು.

ಅವಳು ರೊಟ್ಟಿ ಮುರಿದು, ಎಣ್ಣೆ ಹಾಕಿದ ಪುಡಿಯಲ್ಲಿ ಅದ್ದಿ ಬಾಯಿಗಿಟ್ಟಳು. ನಿಧಾನಕ್ಕೆ ಅಗಿದಳು. ಆಮೇಲೆ ಇನ್ನೊಂದು ಚಮಚ ಪುಡಿ ಹಾಕಿಕೊಂಡಳು.

‘ಇವತ್ತ ಬಾಯಿಗೆ ರುಚಿ ಹತ್ತೇತಿ ನೋಡ್ರಿ. ಏನ್ ಮಾಡೀರಿ?’

ಕೈಗುಣ ಅಂದೆ. ದಿನಕ್ಕೆ ಎರಡು ಹೊತ್ತು, ಎರಡೆರಡು ಚಮಚ. ತಟ್ಟೆ ಖಾಲಿಯಾಗತೊಡಗಿತು. ಅವಳ ಮುಖದ ಊತ ಇಳಿದ ಹಾಗೆಯೂ ನನಗೆ ಕಂಡಿತು. ಇಳಿದಿರಲಿಲ್ಲ. ಆದರೆ ನಾನು ನೋಡಲು ಹಟ ಹಿಡಿದಾಗ ಇಲ್ಲದ್ದೂ ಕಾಣುತ್ತದೆ.

ಸೋಮವಾರ ಆಸ್ಪತ್ರೆಗೆ ಸೇರಿಸುವುದಿತ್ತು. ಅದರ ಹಿಂದಿನ ಬುಧವಾರ ಮೇಡಮ್ಮನ ಲ್ಯಾಬಿನಲ್ಲಿ ಫ್ರೀಜರಿನ ಫಿಲ್ಟರು ತೊಳೆಯುತ್ತಿದ್ದೆ. ನನ್ನ ಹೆಂಡತಿಯ ವಿಷಯ ಅವರಿಗೆ ಗೊತ್ತಿತ್ತು, ಆದರೆ ಕ್ಯಾನ್ಸರ್ ಎಂದಷ್ಟೇ ಗೊತ್ತಿತ್ತು. ಹೇಗಿದ್ದಾರೆ ಎಂದು ಕೇಳಿದರು. ನನಗೆ ತಡೆಯಲಾಗಲಿಲ್ಲ. ಮೇಡಂ, ನೀವು ಇಲಿಯಲ್ಲೇ ಇರಿ, ನಾನು ಮನುಷ್ಯರಿಗೆ ಹೋಗಿಯಾಯಿತು ಅಂದೆ. ಪಾಚಿ ಹುರಿದದ್ದು, ಜಾರು ತಣಿಸಿದ್ದು, ಬೆಳ್ಳುಳ್ಳಿಯ ಲೆಕ್ಕ, ಎಲ್ಲ ಹೇಳಿದೆ. ಅವರು ನಗುತ್ತಾರೆಂದು ಕಾದೆ.

‘ಯಾವ ಕ್ಯಾನ್ಸರ್ ಅಂದ್ರಿ?’

ಥೈರಾಯ್ಡ್ ಅಂದೆ. ಸೋಮವಾರ ಅಯೋಡಿನ್ ಮಾತ್ರೆ ಅಂದೆ.

ಮೇಡಂ ಕೈಯಲ್ಲಿದ್ದ ಕೈಗವಸನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕೂತರು. ‘ಸಮುದ್ರದಲ್ಲಿರೋ ಅಯೋಡಿನ್ ಎಲ್ಲ ಹೀರಿ ಇಟ್ಕೊಳ್ಳೋದೇ ಈ ಪಾಚಿ ಕಣ್ರೀ. ಸೂಪಿಗೆ ಹಾಕೋದಂತೂ ಎಲ್ಲಕ್ಕಿಂತ ಜಾಸ್ತಿ. ನೀವು ಅವರ ಪಥ್ಯ ಪೂರ್ತಿ ಕೆಡಿಸಿದೀರಿ.’

ನಾನು ವಾದಿಸಿದೆ. ಅಯೋಡಿನ್ ಅಂದರೆ ಕಾರ್ಖಾನೆಯಲ್ಲಿ ಉಪ್ಪಿಗೆ ಸೇರಿಸುವುದಲ್ಲವೇ, ಪಾಚಿಗೆ ಯಾರು ಸೇರಿಸುತ್ತಾರೆ ಎಂದು ಕೇಳಿದೆ. ಕೇಳುವಾಗಲೇ ನನ್ನ ದನಿ ಸಣ್ಣದಾಯಿತು. ಕುತ್ತಿಗೆ ಸವರಿಕೊಂಡ ಮುದುಕ ನೆನಪಾದ. ಅವನ ಅಜ್ಜಿ ಗಂಟಿಗೆ ಕೊಡುತ್ತಿದ್ದದ್ದೂ ಅದರೊಳಗಿನ ಅಯೋಡಿನ್ ಸಲುವಾಗಿಯೇ ಎಂದು ಮೇಡಂ ಹೇಳಿದರು. ಇವತ್ತೇ ಡಾಕ್ಟರಿಗೆ ತಿಳಿಸಿ, ಇಲ್ಲದಿದ್ದರೆ ಸೋಮವಾರದ ಮಾತ್ರೆ ದಂಡ ಅಂದರು. ಹಸಿದ ಕೋಶಕ್ಕೆ ವಿಷ ಬಡಿಸುವ ಮೊದಲು ನಾನು ಏಳು ದಿನ ಹಬ್ಬದೂಟ ಹಾಕಿದ್ದೆ.

ಪುಂಗೋಲ್‌ಗೆ ಬಂದವನು ಮೇಲೆ ಹೋಗಲಿಲ್ಲ. ಕಟ್ಟಡದ ಬುಡದಲ್ಲಿ ಖಾಲಿ ಬಿಟ್ಟ ವಾಯ್ಡ್ ಡೆಕ್ಕಿನ ಕಲ್ಲು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಇಬ್ಬರು ಮುದುಕರು ಚೀನೀ ಚದುರಂಗ ಆಡುತ್ತಿದ್ದರು. ಸುಮ್ಮನಿದ್ದರೆ ಏನಾಗುತ್ತದೆ ಎಂದು ನಾನು ಯೋಚಿಸಿದ್ದು ಸುಳ್ಳಲ್ಲ. ಉಳಿದ ದಿನ ಪುಡಿ ಬಚ್ಚಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಮಾತ್ರೆ ಕೆಲಸ ಮಾಡದಿದ್ದರೆ ಎಲ್ಲರೂ ಹಣೆಬರಹ ಅನ್ನುತ್ತಾರೆ, ಗಂಡ ಅನ್ನುವುದಿಲ್ಲ. ಆ ಲೆಕ್ಕ ಎಷ್ಟು ಸರಾಗವಾಗಿ ಬಂತೆಂದರೆ ನನಗೇ ನನ್ನ ಮೇಲೆ ಹೇಸಿಗೆಯಾಯಿತು. ಎದ್ದು ಲಿಫ್ಟ್ ಹತ್ತಿದೆ.

ಅವಳು ಸ್ವೆಟರು ಹಾಕಿಕೊಂಡು ಊಟದ ಮೇಜಿನ ಹತ್ತಿರ ಕೂತಿದ್ದಳು. ಬೆಳಿಗ್ಗೆಯ ರೊಟ್ಟಿ, ಪಕ್ಕದಲ್ಲಿ ಪುಡಿಯ ಡಬ್ಬಿ. ನಾನು ಹೋದವನೇ ತಟ್ಟೆಯನ್ನು ಎತ್ತಿಕೊಂಡೆ. ಬಾಯಿಯ ಹತ್ತಿರ ಒಯ್ದಿದ್ದ ಅವಳ ಕೈ ಅಲ್ಲೇ ನಿಂತಿತು. ನಿಂತುಕೊಂಡೇ ಎಲ್ಲ ಹೇಳಿದೆ. ಮೊದಲ ಬಾರಿಗೆ ಫ್ಯೂಕಾಯ್ಡನ್ ಎಂಬ ಹೆಸರು ಬಿಟ್ಟು ಹೇಳಿದೆ.

ಅವಳು ಕೈಯಲ್ಲಿದ್ದ ತುಂಡನ್ನು ಮೇಜಿನ ಮೇಲಿಟ್ಟಳು.

‘ನಾ ಚಾ ಬಿಟ್ಟೆ. ಮಸರ ಬಿಟ್ಟೆ. ಗುಳಿಗಿ ಬಿಟ್ಟು ಹೆಣದಂಗ ಬಿದ್ದೀನಿ. ನಿಮಗ ಯಾರ್‍ನಾರ ಒಂದ ಮಾತ ಕೇಳಾಕ ಆಗಲಿಲ್ಲೇನು?’

ಯಾರನ್ನು ಕೇಳಬೇಕೆಂದು ಹೊಳೆಯಲಿಲ್ಲ ಅಂದೆ.

‘ಮಂದಿ ಮುಂದ ರಿಸರ್ಚ್ ರಿಸರ್ಚ್ ಅಂತ ಹೇಳಾಕ ಬಾಯಿ ಇರತೈತಿ. ಕೇಳಾಕ ಇರೂದಿಲ್ಲ.’

ಆಮೇಲೆ ಇನ್ನೊಂದು ಸಂಗತಿ ಅವಳಿಗೆ ಹೊಳೆಯಿತು. ಅದು ಮೀನಿನ ಕುಲ ಅಂತ ತಾನು ಹೇಳುತ್ತಲೇ ಇರಲಿಲ್ಲವೇ ಅಂದಳು. ನಿಜ. ಹೇಳಿ ಕೊಟ್ಟಿದ್ದರೆ ಅವಳು ಮುಟ್ಟುತ್ತಲೇ ಇರಲಿಲ್ಲ. ಅವಳ ಮಡಿ ಅವಳನ್ನು ಕಾಯುತ್ತಿತ್ತು. ನನ್ನ ವಿಜ್ಞಾನ ಅದನ್ನು ದಾಟಿಕೊಂಡು ಹೋಗಿ ತಟ್ಟೆಗೆ ಬಿದ್ದಿತ್ತು.

ಆಸ್ಪತ್ರೆಗೆ ಫೋನ್ ಮಾಡಿದಾಗ ಮರುದಿನ ಬೆಳಿಗ್ಗೆ ಬರಲು ಹೇಳಿದರು. ಡಾಕ್ಟರಿಗೆ ನೀನೇ ಹೇಳು, ನಿನ್ನ ಇಂಗ್ಲಿಷು ಚೆನ್ನಾಗಿದೆ ಎಂದು ರೈಲಿನಲ್ಲಿ ಅವಳಿಗೆ ಹೇಳಿ ನೋಡಿದೆ. ಕಿಟಕಿಯಿಂದ ಮುಖ ತಿರುಗಿಸದೆ, ‘ನೀವ ಹೇಳ್ರಿ’ ಅಂದಳು.

ಹೇಳಿದೆ. ನನ್ನ ಇಂಗ್ಲಿಷಿನಲ್ಲಿ ಗ್ಯಾಸು, ಕಂಪ್ರೆಸರು, ಲೀಕು ಎಲ್ಲ ಇದೆ. ತಪ್ಪೊಪ್ಪಿಕೊಳ್ಳುವ ಮಾತುಗಳು ಕಡಿಮೆ. ಡಬ್ಬಿಯನ್ನು ತೆಗೆದುಕೊಂಡು ಹೋಗಿದ್ದೆ. ಡಾಕ್ಟರು ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದು ಜೋರಾಗಿ ಎಳೆದುಕೊಂಡಳು. ಬ್ಯಾಡಗಿ ಮೆಣಸಿನಕಾಯಿ ಅವಳಿಗೆ ಗೊತ್ತಿರಲಿಲ್ಲ. ನಾಲ್ಕು ಸಲ ಸೀನಿ, ಕಣ್ಣೊರೆಸಿಕೊಂಡು, ಪಥ್ಯದ ಪಟ್ಟಿ ತಂದಿದ್ದೀರಾ ಎಂದು ಕೇಳಿದಳು. ನನ್ನ ಹೆಂಡತಿ ಚೀಲದಿಂದ ತೆಗೆದುಕೊಟ್ಟಳು. ಡಾಕ್ಟರು ಎರಡನೆಯ ಹಾಳೆ ತಿರುಗಿಸಿ ನಮ್ಮ ಕಡೆ ಹಿಡಿದಳು. ಮೀನು, ಸಿಗಡಿ, ಏಡಿ, ಅದರ ಕೆಳಗೆ ಪಾಚಿ. ನನ್ನ ನೆಟ್ಟಗಿನ ಗೀಟು ಸರಿಯಾಗಿ ಆ ಪದದ ಮೇಲೆಯೇ ಹಾದುಹೋಗಿತ್ತು. ಅದು ತರಕಾರಿಯೇ ಆದರೂ ಆಸ್ಪತ್ರೆಯವರು ಅದನ್ನು ಇಟ್ಟದ್ದು ನನ್ನ ಹೆಂಡತಿ ಇಟ್ಟ ಪಂಗಡದಲ್ಲೇ.

‘ಅಂಕಲ್, ಯಾಕೆ ಹೇಳದೆ ಹಾಕಿದಿರಿ?’ ಎಂಬ ಅರ್ಥ ಬರುವಂತೆ ಕೇಳಿದಳು. ಹೇಳಿದ್ದರೆ ಇವಳು ತಿನ್ನುತ್ತಿರಲಿಲ್ಲ ಅಂದೆ. ಅಷ್ಟು ಮೂರ್ಖ ಉತ್ತರವನ್ನು ಅವಳು ಬರೆದುಕೊಳ್ಳಲಿಲ್ಲ, ಅದೊಂದು ಉಪಕಾರ.

ಮೂತ್ರ ಪರೀಕ್ಷೆಯಲ್ಲಿ ಅಯೋಡಿನ್ ತುಂಬಿ ತುಳುಕುತ್ತಿತ್ತು. ಸೋಮವಾರದ ಹಾಸಿಗೆ ರದ್ದಾಯಿತು. ಮತ್ತೆ ಥೈರಾಯ್ಡ್ ಮಾತ್ರೆ ಶುರು ಮಾಡಬೇಕು, ಮೈಯಿಂದ ಅಯೋಡಿನ್ ಇಳಿಯಲು ಬಿಡಬೇಕು, ಕೆಲವು ತಿಂಗಳ ಮೇಲೆ ಮತ್ತೆ ಮಾತ್ರೆ ನಿಲ್ಲಿಸಿ, ಅದೇ ಚಳಿ, ಅದೇ ಊತ, ಅದೇ ಪಥ್ಯ, ಎಲ್ಲ ಮೊದಲಿನಿಂದ. ಈ ಬಗೆಯ ಕಾಯಿಲೆಯಲ್ಲಿ ಇಷ್ಟು ತಡವಾದರೆ ಅಪಾಯವಿಲ್ಲ, ಹೇಳದೆ ಇದ್ದಿದ್ದರೆ ಮಾತ್ರೆ ವ್ಯರ್ಥವಾಗಿ ನಮಗೆ ತಿಳಿಯದೇ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದಳು. ಸಮಾಧಾನಕ್ಕೆ ಹೇಳಿದ್ದು. ಪಕ್ಕದ ಕುರ್ಚಿಯಲ್ಲಿ ನನ್ನ ಹೆಂಡತಿ ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡು ಕೂತಿದ್ದಳು. ಆ ಬೆರಳುಗಳನ್ನು ನೋಡಿದ ಮೇಲೆ ನನಗೆ ಸಮಾಧಾನ ಬೇಡವಾಯಿತು.

ಆ ತಿಂಗಳುಗಳಲ್ಲಿ ಒಮ್ಮೆ ಕನ್ನಡದವರ ಕೂಟದಲ್ಲಿ ಬ್ಯಾಂಕಿನವರೊಬ್ಬರು ನನ್ನನ್ನು ಮೂಲೆಗೆ ಕರೆದು, ನಿಮ್ಮ ಲ್ಯಾಬಿನ ಪಾಚಿಯನ್ನು ನಮ್ಮ ಅತ್ತೆಯವರಿಗೆ ಕೊಡಬಹುದೇ ಎಂದು ಕೇಳಿದರು. ನಾನು ಫ್ರಿಜ್ ರಿಪೇರಿ ಮಾಡುವವನು ಸರ್, ಡಾಕ್ಟರನ್ನು ಕೇಳಿ ಅಂದೆ. ಅವರಿಗೆ ಅವಮಾನವಾದಂತೆ ಕಂಡಿತು, ನನಗಲ್ಲ. ಮೇಡಮ್ಮನ ಲ್ಯಾಬಿಗೆ ಈಗಲೂ ಹೋಗುತ್ತೇನೆ, ಪುಡಿ ಮಾಡಿಕೊಡುತ್ತೇನೆ. ಆ ಪಾಚಿಯಲ್ಲಿ ಏನೋ ಇದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅವರು ಇನ್ನೂ ಇಲಿ ದಾಟಿಲ್ಲ. ನಾನು ಅವಸರ ಮಾಡುವುದನ್ನು ಬಿಟ್ಟಿದ್ದೇನೆ.

ಎರಡನೆಯ ಸಲ ಪಥ್ಯ ಶುರುವಾದಾಗ ಅವಳು ಹೊಸ ಪಟ್ಟಿಯನ್ನು ಮೇಜಿನ ಮೇಲೆ ಹರಡಿ, ಏಡಿ ಸಿಗಡಿ ಸಮೇತ ಒಂದೊಂದೇ ಪದ ಓದಿ ನನ್ನಿಂದ ಹೇಳಿಸಿದಳು. ಮಾಸ್ತರರು ನನ್ನನ್ನು ನಿಲ್ಲಿಸುತ್ತಿದ್ದರು, ಇವಳು ಕೂರಿಸಿದಳು, ಅಷ್ಟೇ ವ್ಯತ್ಯಾಸ. ಅಡುಗೆ ನನ್ನದೇ, ಆದರೆ ಒಗ್ಗರಣೆಗೆ ಏನು ಹಾಕುತ್ತೇನೋ ಅದನ್ನು ಜೋರಾಗಿ ಕೂಗಿ ಹಾಕಬೇಕೆಂಬುದು ನಿಯಮ. ಸಾಸಿವೆ ಅಂತ ಕೂಗುತ್ತಿದ್ದೆ. ಒಳಗಿನಿಂದ, ನಾಲ್ಕು ಉಸಿರಿನಷ್ಟು ತಡವಾಗಿ, ‘ಹ್ಞೂಂ’ ಬರುತ್ತಿತ್ತು. ಜೀರಿಗೆ ಅನ್ನುತ್ತಿದ್ದೆ. ಹ್ಞೂಂ. ಪಕ್ಕದ ಮನೆಯ ಮಲಯ್ ಆಂಟಿ ನಾವು ಹೊಸ ಪೂಜೆ ಶುರು ಮಾಡಿದ್ದೇವೆ ಅಂದುಕೊಂಡಿದ್ದಳು. ನನ್ನ ಹೆಂಡತಿ ಸಪ್ಪೆ ಬೇಳೆಯನ್ನು ತಟ್ಟೆಯಲ್ಲಿ ಬಿಡದೆ ಉಂಡಳು, ರುಚಿಗಲ್ಲ, ಹಟಕ್ಕೆ.

ಈ ಸಲ ಪರೀಕ್ಷೆ ಸರಿಯಾಗಿ ಬಂತು. ವಿಕಿರಣ ತಡೆಯುವ ಸೀಸದ ಗೋಡೆಯ ಕೋಣೆಯೊಳಗೆ ಅವಳೊಬ್ಬಳನ್ನೇ ಬಿಟ್ಟು, ಮಾತ್ರೆ ನುಂಗಿಸಿ, ಬಾಗಿಲು ಹಾಕಿದರು. ಕೆಲವು ದಿನ ಯಾರೂ ಹತ್ತಿರ ಹೋಗುವಂತಿಲ್ಲ. ಮಗಳನ್ನು ಗೆಳತಿಯ ಮನೆಗೆ ಕಳಿಸಿ, ನಾನು ಫೋನು ಹಿಡಿದುಕೊಂಡು ಮನೆಯಲ್ಲಿ ಅಡ್ಡಾಡಿದೆ. ನನ್ನ ಹೆಂಡತಿ ಎರಡು ಸಲ ಫೋನ್ ಮಾಡಿದಳು. ಒಂದು ಸಲ ಗಿಡಕ್ಕೆ ನೀರು ಹಾಕಲು ಹೇಳಲು, ಇನ್ನೊಂದು ಸಲ ಏನೂ ಹೇಳದೆ ಸುಮ್ಮನೆ ಹಿಡಿದಿರಲು. ಎರಡನೆಯದು ಮೊದಲನೆಯದಕ್ಕಿಂತ ಉದ್ದವಿತ್ತು.

ಆಮೇಲಿನ ವಾರ ಸ್ಕ್ಯಾನ್. ಡಾಕ್ಟರು ಪರದೆಯ ಮೇಲೆ ಚಿತ್ರ ತೋರಿಸಿದಳು. ಮಸುಕಾದ ಒಂದು ಮೈಯ ನೆರಳು, ಕುತ್ತಿಗೆಯ ಜಾಗದಲ್ಲಿ ಕಡುಕಪ್ಪಾದ ಒಂದು ಚುಕ್ಕೆ. ಅಳಿದುಳಿದದ್ದು ಅಲ್ಲಿಯೇ ಇತ್ತು, ಔಷಧವನ್ನು ಪೂರ್ತಿ ಎಳೆದುಕೊಂಡಿದೆ, ಮೈಯಲ್ಲಿ ಬೇರೆಲ್ಲೂ ಇಲ್ಲ ಅಂದಳು. ಇನ್ನು ಅದು ತಾನಾಗಿ ಸಾಯುತ್ತದೆ ಅಂದಳು. ನಾನು ಕುರ್ಚಿಯ ಹಿಡಿಯನ್ನು ಬಿಟ್ಟೆ.

ನನ್ನ ಹೆಂಡತಿ ಮುಂದಕ್ಕೆ ಬಾಗಿ ಆ ಚುಕ್ಕೆಯನ್ನು ಬಹಳ ಹೊತ್ತು ನೋಡಿದಳು.

‘ಹಸದಿತ್ತ, ಪಾಪ’ ಅಂದಳು.

ಏನೆಂದಳು ಎಂದು ಡಾಕ್ಟರು ನನ್ನನ್ನು ಕೇಳಿದಳು. ನನ್ನದೇನೂ ಸೇರಿಸದೆ ಇಂಗ್ಲಿಷಿನಲ್ಲಿ ಹೇಳಿದೆ.